ಬಿ.ಎಂ.ಸಿ. ತಣ್ಣಗಾಗುತ್ತಿಲ್ಲವೇ? ಹಸುವನ್ನು ದೂರುವ ಮೊದಲು ಟ್ಯಾಂಕನ್ನು ನೋಡಿ



ಕಳೆದ ಬೇಸಿಗೆಯಲ್ಲಿ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ನನಗೆ ಫೋನ್ ಮಾಡಿದರು. "ಮೇಡಂ, ಒಂದು ವಾರದಿಂದ ನಮ್ಮ ಟ್ಯಾಂಕಿನ ಹಾಲು ಸರಿ ಬರುತ್ತಿಲ್ಲ. ಯಾರದೋ ಹಸುವಿಗೆ ಕೆಚ್ಚಲು ಬಾವು ಇರಬೇಕು. ಬಂದು ಎಲ್ಲರ ಹಸುಗಳನ್ನೂ ನೋಡಿ" ಎಂದರು. ಅದಕ್ಕೆ ಎರಡು ದಿನ ಮೊದಲು ಅವರ ಬಿ.ಎಂ.ಸಿ.ಯ ಎರಡು ಹೊತ್ತಿನ ಹಾಲು, ಎಂಟು ನೂರು ಲೀಟರಿಗೂ ಹೆಚ್ಚು, ಕುದಿಸಿದಾಗ ಒಡೆಯಿತೆಂದು ಟ್ಯಾಂಕರಿನವರು ತುಂಬಿಕೊಳ್ಳದೆ ಹೋಗಿದ್ದರು. ಅರುವತ್ತಕ್ಕೂ ಹೆಚ್ಚು ಮನೆಗಳ ದುಡಿಮೆ ಚರಂಡಿಗೆ ಹೋಗಿತ್ತು.

ನಾನು ಪಶುವೈದ್ಯೆ. ಹಸು ನೋಡಲು ಕರೆದರೆ ಹಸುವನ್ನೇ ನೋಡುತ್ತೇನೆ. ಸಿ.ಎಂ.ಟಿ. ದ್ರಾವಣ ಮತ್ತು ನಾಲ್ಕು ಬಟ್ಟಲಿನ ತಟ್ಟೆ ಹಿಡಿದು ಮನೆಮನೆಗೆ ಹೋದೆ. ಒಬ್ಬ ಅಕ್ಕನ ಹಸುವಿನ ಹಿಂದಿನ ಎಡ ಮೊಲೆಯ ಹಾಲು ತಟ್ಟೆಯಲ್ಲಿ ಗಟ್ಟಿಯಾಯಿತು. ಕಣ್ಣಿಗೆ ಕಾಣದ, ಒಳಗೇ ಇರುವ ಕೆಚ್ಚಲು ಬಾವು. ನಾನು ಆ ಮೊಲೆಗೆ ಚಿಕಿತ್ಸೆ ಹೇಳಿದೆ. ಸಂಘದವರು ಒಂದು ಹೆಜ್ಜೆ ಮುಂದೆ ಹೋಗಿ, ಆಕೆ ತನ್ನ ಎರಡೂ ಹಸುಗಳ ಹಾಲನ್ನು ನಾಲ್ಕು ದಿನ ಡೇರಿಗೆ ತರಬಾರದು ಎಂದರು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಆದರೆ ಊರಿನ ಹಾಲು ಕೆಡಿಸಿದವಳು ಇವಳೇ ಎಂಬ ತೀರ್ಮಾನ ಆಗಿಹೋಗಿತ್ತು.

ನಾಲ್ಕು ದಿನ ಆಕೆಯ ಹಾಲು ಟ್ಯಾಂಕಿಗೆ ಬೀಳಲಿಲ್ಲ. ಮೂರನೆಯ ದಿನವೇ ಟ್ಯಾಂಕಿನ ಹಾಲು ಮತ್ತೆ ಒಡೆಯಿತು.

ಆಗ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. ಹಾಲು ತೆಗೆದುಕೊಳ್ಳುವಾಗ ಪರೀಕ್ಷಕಿ ಎಲ್ಲರ ಹಾಲನ್ನೂ ನೋಡುತ್ತಾರೆ. ಅನುಮಾನ ಬಂದರೆ ಕುದಿಸಿ ನೋಡುತ್ತಾರೆ. ಸಂಜೆ ಅಲ್ಲಿ ಪಾಸಾದ ಹಾಲು ಬೆಳಿಗ್ಗೆ ಟ್ಯಾಂಕರ್ ಬಂದಾಗ ಒಡೆದರೆ, ಕೆಟ್ಟದ್ದು ಎಲ್ಲಿ? ಹಸುವಿನ ಕೆಚ್ಚಲಲ್ಲಿ ಅಲ್ಲ, ನಡುವೆ ಎಲ್ಲೋ. ನಡುವೆ ಇದ್ದದ್ದು ಟ್ಯಾಂಕ್ ಒಂದೇ. ಒಳಗಿನ ಕೆಚ್ಚಲು ಬಾವು ಎಷ್ಟೋ ಊರುಗಳ ಎಷ್ಟೋ ಹಸುಗಳಲ್ಲಿ ಇರುತ್ತದೆ. ಹುಡುಕಿದರೆ ಸಿಗುತ್ತದೆ. ನಾನು ಹುಡುಕಿದ್ದು ಸಿಕ್ಕಿತು, ಅದಕ್ಕೇ ಮುಂದೆ ಯೋಚಿಸಲಿಲ್ಲ. ಅದು ನನ್ನ ತಪ್ಪು.

ಈ ತಿಂಗಳ ಪಾಠ ಅದಕ್ಕಾಗಿ ಕೆಚ್ಚಲಿನ ಬಗ್ಗೆ ಅಲ್ಲ, ತಣ್ಣಗಾಗದ ಟ್ಯಾಂಕಿನ ಬಗ್ಗೆ. "ಅದು ಮೆಕ್ಯಾನಿಕ್ ಕೆಲಸ, ನಮಗೇಕೆ" ಎನ್ನಬೇಡಿ. ಮೆಕ್ಯಾನಿಕ್ ಬರುವುದು ನೀವು ಕರೆದ ಮೇಲೆ, ಅದೂ ಒಂದೋ ಎರಡೋ ದಿನ ತಡವಾಗಿ. ಅಷ್ಟರಲ್ಲಿ ಹೋಗುವುದು ನಿಮ್ಮ ಹಾಲು.

ತಣ್ಣಗೆ ಮಾಡುವುದು ಎಂದರೇನು

ಮನೆಯ ಫ್ರಿಜ್ ಆಗಲಿ ಸಂಘದ ಬಿ.ಎಂ.ಸಿ. ಆಗಲಿ, ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಬಾವಿಯಿಂದ ನೀರು ಸೇದಿ ಹೊರಗೆ ಚೆಲ್ಲಿದಂತೆ. ಟ್ಯಾಂಕಿನ ತಳದ ಎರಡು ಪದರಗಳ ನಡುವೆ ಗ್ಯಾಸ್ ಹರಿಯುತ್ತದೆ. ಅಲ್ಲಿ ಅದು ಹಾಲಿನ ಬಿಸಿಯನ್ನು ಹೀರಿಕೊಂಡು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಂಡೆನ್ಸರಿಗೆ ಕಳಿಸುತ್ತದೆ. ಫ್ಯಾನಿನ ಹಿಂದೆ ಬಾಚಣಿಗೆಯ ಹಲ್ಲಿನಂತೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಜಾಲರಿ ಇದೆಯಲ್ಲ, ಅದೇ ಕಂಡೆನ್ಸರ್. ಅಲ್ಲಿ ಗ್ಯಾಸ್ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗಿ ಟ್ಯಾಂಕಿನ ತಳಕ್ಕೆ ಮರಳುತ್ತದೆ. ಸುತ್ತು ಇಷ್ಟೇ.

ಎಷ್ಟು ಬಿಸಿಯನ್ನು ಹೊರಬೇಕು ಗೊತ್ತೇ? 400 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಬಿಸಿ ಸುಮಾರು 150 ಕೆ.ಜಿ. ಮಂಜುಗಡ್ಡೆಯನ್ನು ಕರಗಿಸಲು ಸಾಕು. ಇದನ್ನು ಎರಡು ಮೂರು ಗಂಟೆಯಲ್ಲಿ ಮಾಡಬೇಕು. ಆದ್ದರಿಂದಲೇ ಈ ಸುತ್ತಿನಲ್ಲಿ ಎಲ್ಲಿ ಒಂದು ಕಡೆ ತಡೆ ಬಂದರೂ ಹಾಲು ಬಿಸಿಯಾಗಿಯೇ ಉಳಿಯುತ್ತದೆ.

ಉಳಿದರೆ ಏನು? ಕರೆದ ಹಾಲಿಗೆ ತನ್ನದೇ ಒಂದು ರಕ್ಷಣೆ ಇರುತ್ತದೆ, ಆದರೆ ಅದು ಮೊದಲ ಕೆಲವು ಗಂಟೆ ಮಾತ್ರ. ಆಮೇಲೆ ಬ್ಯಾಕ್ಟೀರಿಯಾಗಳದ್ದೇ ರಾಜ್ಯ. ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ ಎಂದಿಟ್ಟುಕೊಳ್ಳಿ. ಒಂದು ಬ್ಯಾಕ್ಟೀರಿಯಾ ಆರು ಗಂಟೆಯಲ್ಲಿ 4,096 ಆಗುತ್ತದೆ. ನಂಬದಿದ್ದರೆ ಮಗಳ ನೋಟ್‌ಬುಕ್ಕಿನಲ್ಲಿ ಹನ್ನೆರಡು ಸಲ ಎರಡರಿಂದ ಗುಣಿಸಿ ನೋಡಿ. 4 ಡಿಗ್ರಿಯಲ್ಲಿ ಇವು ಸಾಯುವುದಿಲ್ಲ, ಮಲಗುತ್ತವೆ. ಹೀಗಾಗಿ ಒಮ್ಮೆ ಹೆಚ್ಚಾದ ಮೇಲೆ ಎಷ್ಟೇ ತಣ್ಣಗೆ ಮಾಡಿದರೂ ಸಂಖ್ಯೆ ಹಿಂದಕ್ಕೆ ಹೋಗದು. ಬೆಳಗಿನ ಜಾವ 4 ಡಿಗ್ರಿ ಮುಟ್ಟಿದೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದೇ ಮುಖ್ಯ.

ಡೇರಿಯಲ್ಲಿ ಎಂ.ಬಿ.ಆರ್.ಟಿ. ಎಂಬ ಪರೀಕ್ಷೆ ಮಾಡುತ್ತಾರೆ. 10 ಮಿ.ಲೀ. ಹಾಲಿಗೆ 1 ಮಿ.ಲೀ. ನೀಲಿ ಬಣ್ಣದ ದ್ರಾವಣ ಹಾಕಿ 37 ಡಿಗ್ರಿಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಐದು ಗಂಟೆಗೂ ಮೇಲೆ ನೀಲಿ ನಿಂತರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಕಳಪೆ. ನಿಮ್ಮ ಸಂಘದ ಎಂ.ಬಿ.ಆರ್.ಟಿ. ಸಮಯ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಹಾಲು ಒಡೆಯುವ ಮೊದಲೇ ಬಂದ ಎಚ್ಚರಿಕೆ ಅದು. ಆ ಸಂಘದಲ್ಲೂ ಎಚ್ಚರಿಕೆ ಬಂದಿತ್ತು. ಚೀಟಿ ಕಡತದಲ್ಲಿ ಕುಳಿತಿತ್ತು.

ಮೀಟರ್ 4 ತೋರಿಸುತ್ತಿತ್ತು, ಹಾಲು 11 ಇತ್ತು

ಜಗಳ ಶುರುವಾದದ್ದೇ ಇಲ್ಲಿ. ಟ್ಯಾಂಕರಿನವರು ಹಾಲನ್ನು ಚೆನ್ನಾಗಿ ಕಲಕಿ ತಮ್ಮ ಥರ್ಮಾಮೀಟರ್ ಇಳಿಸಿದರೆ 11 ಡಿಗ್ರಿ. ಸಂಘದ ಪ್ಯಾನೆಲಿನ ಮೀಟರಿನಲ್ಲಿ 4. "ನಮ್ಮ ಮೀಟರ್ ಸರಿ ಇದೆ, ಅವರದ್ದೇ ಕೆಟ್ಟಿದೆ" ಎಂದು ಇವರು. "ನಿಮ್ಮ ಮೀಟರ್ ಸುಳ್ಳು" ಎಂದು ಅವರು. ವಿಚಿತ್ರವೆಂದರೆ ಎರಡೂ ಮೀಟರ್ ಸತ್ಯವನ್ನೇ ಹೇಳುತ್ತಿದ್ದವು.

ಒಂದು ಸಂಜೆ ಹಾಲು ಸಂಗ್ರಹ ಮುಗಿದ ಮೇಲೆ ನಾನು ಅಲ್ಲೇ ಕುಳಿತೆ. ಕಂಪ್ರೆಸರ್ ಓಡುತ್ತಿತ್ತು. ಕಲಕುವ ಮೋಟಾರ್ ಗುಂಯ್ ಎನ್ನುತ್ತಿತ್ತು. ಎರಡು ಗಂಟೆಯೊಳಗೇ ಮೀಟರ್ 4ಕ್ಕೆ ಬಂದು ಕಂಪ್ರೆಸರ್ ತಾನಾಗಿ ನಿಂತಿತು. ಎಲ್ಲವೂ ಸರಿಯಾಗಿದೆ ಎನಿಸಿತು. ಅಷ್ಟರಲ್ಲಿ ಆ ಅಕ್ಕ ಬಂದರು, ನಾಲ್ಕು ದಿನ ಮನೆಯಲ್ಲಿ ಕುಳಿತವರು. ತನ್ನ ಹಾಲನ್ನು ನಾಳೆಯಿಂದಾದರೂ ತರಬಹುದೇ ಎಂದು ಕೇಳಲು ಬಂದಿದ್ದರು. ಮುಚ್ಚಳ ತೆಗೆದಿತ್ತು. ಒಳಗೆ ಬಗ್ಗಿ ನೋಡಿ, "ಮೇಡಂ, ಇದೇನು, ಮೇಲೆ ಕೆನೆ ಕಟ್ಟಿದೆ! ತಿರುಗುತ್ತಾ ಇರುವ ಹಾಲಿನಲ್ಲಿ ಕೆನೆ ಎಲ್ಲಾದರೂ ಕಟ್ಟುತ್ತದಾ?" ಎಂದರು.

ಅಷ್ಟು ಮಾತು ಸಾಕಾಯಿತು. ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಸಿದೆ. ಮೇಲಿನ ಹಾಲು 19 ಡಿಗ್ರಿ, ತಳದ ಹಾಲು 3. ಮೋಟಾರ್ ತಿರುಗುತ್ತಿತ್ತು, ಆದರೆ ಅದರ ಕೆಳಗಿನ ದಂಡ ಮತ್ತು ರೆಕ್ಕೆ ತಿರುಗುತ್ತಿರಲಿಲ್ಲ. ಎರಡನ್ನೂ ಜೋಡಿಸುವ ಸಣ್ಣ ಪಿನ್ ತುಂಡಾಗಿತ್ತು. ತಂಪು ಬರುವುದು ತಳದಿಂದ. ಮೀಟರಿನ ಸೆನ್ಸರ್ ಇರುವುದೂ ತಳದ ಹತ್ತಿರ. ತಳದ ನಾಲ್ಕು ಬೆರಳು ಹಾಲು ತಣ್ಣಗಾದ ಕೂಡಲೇ ಸೆನ್ಸರ್ "ಆಯಿತು" ಎಂದಿತು, ಕಂಪ್ರೆಸರ್ ನಿಂತಿತು. ಮೇಲಿನ ಹಾಲು ರಾತ್ರಿಯಿಡೀ ಬೆಚ್ಚಗೆ ಮಲಗಿತ್ತು. ಬೆಳಿಗ್ಗೆ ಟ್ಯಾಂಕರಿನವರು ಕಲಕಿದಾಗ ಎರಡೂ ಬೆರೆತು 11.

ಅದಕ್ಕೇ ಮೊದಲ ಪರೀಕ್ಷೆ ಇದು. ಪ್ಯಾನೆಲಿನ ಮೀಟರನ್ನು ಮಾತ್ರ ನಂಬಬೇಡಿ. ಸಂಘದಲ್ಲಿ ಬೇರೆ ಒಂದು ಥರ್ಮಾಮೀಟರ್ ಇರಲಿ. ಹಾಲಿಗೆ ಇಳಿಸುವುದು ಗಾಜಿನದ್ದು ಬೇಡ, ಒಡೆದರೆ ಇಡೀ ಟ್ಯಾಂಕೇ ಹೋಯಿತು. ಕಡ್ಡಿಯಂತಿರುವ ಸ್ಟೀಲಿನ ಡಿಜಿಟಲ್ ಥರ್ಮಾಮೀಟರ್ ತನ್ನಿ, ತೊಳೆದು ಬಳಸಿ. ಅದು ಸರಿಯಿದೆಯೇ ಎಂದು ತಿಳಿಯಲು ಒಂದು ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಹಾಕಿ, ಕಲಕಿ, ಕಡ್ಡಿಯನ್ನು ನಡುವೆ ಹಿಡಿದು ಎರಡು ನಿಮಿಷ ಕಾಯಿರಿ. 0 ಅಥವಾ ಅದರ ಹತ್ತಿರ ತೋರಿಸಬೇಕು. 2 ತೋರಿಸಿದರೆ ಪ್ರತಿ ಸಲವೂ 2 ಕಳೆದು ಓದಿಕೊಳ್ಳಿ. ಆಮೇಲೆ ಟ್ಯಾಂಕಿನ ಮೇಲ್ಭಾಗ, ತಳಭಾಗ ಎರಡೂ ಕಡೆ ಅಳೆಯಿರಿ. ಮೇಲೆ ಕೆಳಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಾಲು ಕಲಕುತ್ತಿಲ್ಲ ಎಂದೇ ಅರ್ಥ.

ಕೆಲವು ಟ್ಯಾಂಕುಗಳಲ್ಲಿ ಮುಚ್ಚಳ ತೆಗೆದರೆ ಕಲಕುವುದು ತಾನೇ ನಿಲ್ಲುತ್ತದೆ. ಕೈ ಸಿಕ್ಕಿಹಾಕಿಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಅಂಥ ಕಡೆ ಮೋಟಾರಿನ ಕೆಳಗೆ ದಂಡ ತಿರುಗುವುದನ್ನು ಹೊರಗಿನಿಂದಲೇ ನೋಡಿ. ಅಲ್ಲಿಯೂ ಕಾಣದಿದ್ದರೆ ಕೆನೆ ನೋಡಿ. ಆ ಅಕ್ಕ ಹೇಳಿದ ಪರೀಕ್ಷೆ ಯಾವ ಯಂತ್ರಕ್ಕೂ ಕಡಿಮೆಯಲ್ಲ.

ಪಿನ್ ಏಕೆ ತುಂಡಾಯಿತು ಎಂಬುದನ್ನೂ ಹೇಳಬೇಕು. ಸಂಜೆ ಮೊದಲ ಕ್ಯಾನ್ ಬಿದ್ದ ಕೂಡಲೇ ಕೂಲಿಂಗ್ ಹಾಕುವ ಅಭ್ಯಾಸ ಅಲ್ಲಿತ್ತು. ಬೇಗ ತಣ್ಣಗಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಆದರೆ ಹಾಲು ಕಲಕುವ ರೆಕ್ಕೆಯನ್ನು ಮುಟ್ಟುವ ಮೊದಲು ಕೂಲಿಂಗ್ ಹಾಕಿದರೆ ತಳದ ಹಾಲು ಮಂಜಾಗಿ ಅಂಟಿಕೊಳ್ಳುತ್ತದೆ. ಆ ಮಂಜಿಗೆ ರೆಕ್ಕೆ ಸಿಕ್ಕಿದರೆ ಸೋಲುವುದು ಪಿನ್. ಸಾಮಾನ್ಯವಾಗಿ ಟ್ಯಾಂಕಿನ ಹತ್ತನೇ ಒಂದು ಭಾಗ ತುಂಬಿದ ಮೇಲೆ ಕೂಲಿಂಗ್ ಹಾಕಬೇಕು. 1,000 ಲೀಟರ್ ಟ್ಯಾಂಕಾದರೆ 100 ಲೀಟರ್. ನಿಮ್ಮ ಟ್ಯಾಂಕಿನ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ.

ಪಿನ್ ಹಾಕಿದ ಮೇಲೂ ಐದು ಗಂಟೆ

ಮೆಕ್ಯಾನಿಕ್ ಬಂದು ಹೊಸ ಪಿನ್ ಹಾಕಿದರು. ಹಾಲು ಕಲಕಿತು. ಆದರೆ 4 ಡಿಗ್ರಿಗೆ ಬರಲು ಐದು ಗಂಟೆ ಹಿಡಿಯಿತು. ಮೂರು ಗಂಟೆಯೊಳಗೆ ಬರಬೇಕಿತ್ತು. "ಗ್ಯಾಸ್ ಕಡಿಮೆಯಾಗಿದೆ, ಹಾಕಿಸಬೇಕು" ಎಂಬ ಮಾತು ಬಂತು. ಈ ಮಾತು ಬಂದಾಗ ದಯವಿಟ್ಟು ಒಂದು ನಿಮಿಷ ನಿಲ್ಲಿ.

ಗ್ಯಾಸ್ ಅಡುಗೆ ಸಿಲಿಂಡರಿನಂತೆ ಉರಿದು ಮುಗಿಯುವ ವಸ್ತುವಲ್ಲ. ಒಂದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ, ಹತ್ತು ವರ್ಷವಾದರೂ ಅಷ್ಟೇ ಇರಬೇಕು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗವನ್ನು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್. ಪೈಪಿನ ಜೋಡಣೆಗಳ ಹತ್ತಿರ ಎಣ್ಣೆ ಜಿನುಗಿದ ಕಲೆ ಕಂಡರೆ ಅದು ಸೋರಿಕೆಯ ಗುರುತು, ಏಕೆಂದರೆ ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆ. ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಇನ್ನೊಂದು ಸುಲಭದ ಗುರುತು: ಕಂಪ್ರೆಸರ್ ಓಡುವಾಗ ಕಂಡೆನ್ಸರ್ ಫ್ಯಾನಿನಿಂದ ಬರುವ ಗಾಳಿಗೆ ಕೈ ಒಡ್ಡಿ. ಬಿಸಿ ಹಾಲು ತುಂಬಿರುವಾಗ ಆ ಗಾಳಿ ಚೆನ್ನಾಗಿ ಬೆಚ್ಚಗಿರಬೇಕು, ಹಾಲಿನ ಬಿಸಿಯೇ ಅಲ್ಲಿ ಹೊರಬರುತ್ತಿರುವುದು. ಕಂಪ್ರೆಸರ್ ಓಡುತ್ತಲೇ ಇದ್ದು ಗಾಳಿ ತಣ್ಣಗೇ ಇದ್ದರೆ ಗ್ಯಾಸಿನ ಸಂದೇಹ ಪಡಬಹುದು.

ಆ ಸಂಘದಲ್ಲಿ ಗಾಳಿ ತಣ್ಣಗಿರಲಿಲ್ಲ. ಗಾಳಿಯೇ ಬರುತ್ತಿರಲಿಲ್ಲ.

ಕಂಡೆನ್ಸರಿನ ಮುಂದೆ ಒಂದು ಗೇಣು ಜಾಗ ಬಿಟ್ಟು ಪಶು ಆಹಾರದ ಚೀಲಗಳನ್ನು ಸೂರಿನವರೆಗೆ ಜೋಡಿಸಿದ್ದರು. ಚೀಲ ಎಳೆದಾಗಲೆಲ್ಲ ಏಳುವ ಪುಡಿಯನ್ನು ಫ್ಯಾನು ಜಾಲರಿಗೆ ಎಳೆದುಕೊಂಡಿತ್ತು. ರೆಕ್ಕೆಗಳ ನಡುವೆ ಬೂಸಾದ ಪುಡಿ, ಜೇಡರ ಬಲೆ, ಗೋಣಿಯ ನಾರು ಸೇರಿ ಕಂಬಳಿಯಂತೆ ಕೂತಿತ್ತು. ಹೊರಬಂದ ಅಷ್ಟಿಷ್ಟು ಬಿಸಿ ಗಾಳಿಯೂ ಚೀಲಕ್ಕೆ ಬಡಿದು ಅಲ್ಲೇ ಸುತ್ತಿ ಮತ್ತೆ ಒಳಗೆ ಹೋಗುತ್ತಿತ್ತು. ಬಾವಿಯಿಂದ ಸೇದಿದ ನೀರನ್ನು ಬಾವಿಗೇ ಚೆಲ್ಲಿದಂತಾಯಿತು.

ಇದನ್ನು ನೀವೇ ಮಾಡಬಹುದು, ಮೆಕ್ಯಾನಿಕ್ ಬೇಡ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಯಾರೂ ಹಾಕದಂತೆ ಒಬ್ಬರು ಅಲ್ಲಿ ನಿಲ್ಲಿ. ಮೃದುವಾದ ಬ್ರಷ್ ತೆಗೆದುಕೊಂಡು ರೆಕ್ಕೆಗಳು ಯಾವ ದಿಕ್ಕಿಗೆ ನಿಂತಿವೆಯೋ ಅದೇ ದಿಕ್ಕಿಗೆ ಉಜ್ಜಿ, ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ. ಅಡ್ಡಕ್ಕೆ ಉಜ್ಜಿದರೆ ಆ ತೆಳು ರೆಕ್ಕೆಗಳು ಮಡಿಚಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಪೈಪಿನಿಂದ ರಭಸವಾಗಿ ನೀರು ಹೊಡೆಯಬೇಡಿ, ಅದೂ ಅದೇ ಕೆಲಸ ಮಾಡುತ್ತದೆ, ಜೊತೆಗೆ ನೀರು ಫ್ಯಾನಿನ ಮೋಟಾರಿಗೂ ಪ್ಯಾನೆಲಿಗೂ ಹೋಗುತ್ತದೆ. ಬ್ಲೋವರ್ ಇದ್ದರೆ ಒಳಗಡೆಯಿಂದ ಹೊರಕ್ಕೆ ಊದಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸಾಕು. ಆಹಾರದ ಚೀಲಗಳು ಆ ಕೋಣೆಯಲ್ಲಿ ಇರಲೇಬಾರದು, ಜಾಗವಿಲ್ಲದಿದ್ದರೆ ಕನಿಷ್ಠ ಕಂಡೆನ್ಸರಿನ ಎದುರು ಇರಬಾರದು.

ಅಂದು ಐದು ಜನ ಸದಸ್ಯೆಯರು ಸೇರಿ ಒಂದು ಗಂಟೆಯಲ್ಲಿ ಚೀಲ ಸರಿಸಿ ಜಾಲರಿ ಉಜ್ಜಿದರು. ಮರುದಿನ ಸಂಜೆಯ ಹಾಲು ಮೂರು ಗಂಟೆಗೆ ಹತ್ತು ನಿಮಿಷ ಮೊದಲೇ 4 ಡಿಗ್ರಿಗೆ ಬಂತು. ಗ್ಯಾಸ್ ಹಾಕಿಸಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಅದನ್ನು ಇಡುವ ನನ್ನ ಫ್ರಿಜ್ಜಿನ ಹಿಂಭಾಗವನ್ನು ಈ ಘಟನೆ ಆದ ಮೇಲೆ ಮೊದಲ ಬಾರಿಗೆ ಎಳೆದು ನೋಡಿದೆ. ಏನು ಕಂಡಿತು ಎಂದು ಬರೆಯುವುದಿಲ್ಲ.

ಕರೆಂಟು

ಕಂಪ್ರೆಸರ್ ಗುರ್ ಎಂದು ಹೊರಡಲಾರದೆ ಟ್ರಿಪ್ ಆಗುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿ. ಸಿಂಗಲ್ ಫೇಸಿನಲ್ಲಿ 230, ತ್ರೀ ಫೇಸಿನಲ್ಲಿ 415ರ ಆಸುಪಾಸು ಇರಬೇಕು. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಇದು ಬಹಳ ಇಳಿಯುತ್ತದೆ. ಮತ್ತೆ ಮತ್ತೆ ಸ್ವಿಚ್ ಒತ್ತಿ ಬಲವಂತ ಮಾಡಬೇಡಿ, ಕಂಪ್ರೆಸರ್ ಸುಟ್ಟರೆ ಅದರ ಖರ್ಚು ಸಂಘದ ಒಂದು ವರ್ಷದ ಲಾಭವನ್ನೇ ನುಂಗೀತು. ಕರೆಂಟು ಹೋಗಿ ಬಂದ ಮೇಲೂ ಐದು ನಿಮಿಷ ಬಿಟ್ಟೇ ಹಾಕಿ.

ಜನರೇಟರ್ ಬಗ್ಗೆ ಎರಡು ಮಾತು. ವಾರಕ್ಕೊಮ್ಮೆಯಾದರೂ, ಕರೆಂಟು ಇದ್ದರೂ, ಹತ್ತು ನಿಮಿಷ ಓಡಿಸಿ. ಬೇಕಾದ ರಾತ್ರಿಯೇ ಬ್ಯಾಟರಿ ಸತ್ತಿರುವುದನ್ನು ಎಷ್ಟೋ ಸಂಘಗಳಲ್ಲಿ ನೋಡಿದ್ದೇನೆ. ಇನ್ನೊಂದು, ಜನರೇಟರ್ ಅಥವಾ ಲೈನಿನ ರಿಪೇರಿ ಆದ ಮೇಲೆ ಕಂಪ್ರೆಸರ್ ಹೊಸದಾಗಿ ಜೋರು ಶಬ್ದ ಮಾಡುತ್ತ, ತಣ್ಣಗೂ ಮಾಡದಿದ್ದರೆ ಫೇಸುಗಳ ವೈರ್ ಅದಲುಬದಲಾಗಿರಬಹುದು. ಕೆಲವು ಬಗೆಯ ಕಂಪ್ರೆಸರುಗಳು ಆಗ ಹಿಂದುಮುಂದಾಗಿ ತಿರುಗುತ್ತವೆ. ತಕ್ಷಣ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಪ್ಯಾನೆಲಿನ ಬಾಗಿಲನ್ನು ಮಾತ್ರ ನೀವು ತೆಗೆಯಬೇಡಿ, ಒದ್ದೆ ನೆಲದಲ್ಲಿ ನಿಂತಂತೂ ಬೇಡವೇ ಬೇಡ.

ಟ್ಯಾಂಕಿಗೆ ಮೀರಿದ ಹಾಲು

ಎಲ್ಲವೂ ಸರಿಯಿದ್ದೂ ತಣ್ಣಗಾಗದಿದ್ದರೆ ಲೆಕ್ಕ ಹಾಕಿ ನೋಡಿ. ದಿನಕ್ಕೊಮ್ಮೆ ಖಾಲಿಯಾಗುವ 1,000 ಲೀಟರಿನ ಟ್ಯಾಂಕ್ ಒಂದು ಹೊತ್ತಿಗೆ ಅದರ ಅರ್ಧದಷ್ಟು, ಅಂದರೆ 500 ಲೀಟರ್ ಬಿಸಿ ಹಾಲನ್ನು ಇಳಿಸಲೆಂದು ಮಾಡಿದ್ದು. ಜಾಗ ಇದೆಯೆಂದು 700 ಲೀಟರ್ ಒಂದೇ ಹೊತ್ತಿಗೆ ತುಂಬಿದರೆ ಅದು ಸೋಲುತ್ತದೆ. ಕರು ಹಾಕುವ ಕಾಲ ಮುಗಿದು ಹಾಲು ಏರುವ ತಿಂಗಳಲ್ಲಿ ಇದು ಸಾಮಾನ್ಯ. ಹೊಸ ಟ್ಯಾಂಕಿಗೆ ಒಕ್ಕೂಟಕ್ಕೆ ಬರೆಯುವಾಗ ಬಾಯಿಮಾತು ಬೇಡ, ಯಾವ ಹೊತ್ತಿಗೆ ಎಷ್ಟು ಲೀಟರ್, 4 ಡಿಗ್ರಿಗೆ ಎಷ್ಟು ಗಂಟೆಗೆ ಬಂತು ಎಂಬ ಒಂದು ತಿಂಗಳ ಪಟ್ಟಿ ಲಗತ್ತಿಸಿ.

ಬೆಳಗಿನ ಹಾಲಿನ ಲೆಕ್ಕವೂ ಇದೆ. ರಾತ್ರಿಯ 400 ಲೀಟರ್ 4 ಡಿಗ್ರಿಯಲ್ಲಿದ್ದಾಗ ಬೆಳಗಿನ 480 ಲೀಟರ್, 34 ಡಿಗ್ರಿಯದು, ಒಟ್ಟಿಗೆ ಬಿದ್ದರೆ ಇಡೀ ಟ್ಯಾಂಕು 20 ಡಿಗ್ರಿಗೆ ಏರುತ್ತದೆ. ರಾತ್ರಿಯ ಹಾಲೇ 12 ಇದ್ದರೆ 24ಕ್ಕೆ. ಆದ್ದರಿಂದ ಬೆಳಿಗ್ಗೆ ಸಂಗ್ರಹ ಶುರುವಾದಾಗಿನಿಂದಲೇ ಕೂಲಿಂಗ್ ಮತ್ತು ಕಲಕುವುದು ನಡೆಯುತ್ತಿರಲಿ, ಕ್ಯಾನುಗಳನ್ನು ಕೂಡಿಟ್ಟು ಕೊನೆಗೆ ಒಮ್ಮೆಲೇ ಸುರಿಯಬೇಡಿ.

ನಿಮ್ಮ ಮನೆಯಲ್ಲಿ

ಕೆಲವರು ರಾತ್ರಿ ಉಳಿದ ಹಾಲನ್ನು ಮನೆಯ ಫ್ರಿಜ್ಜಿನಲ್ಲಿಟ್ಟು ಬೆಳಗಿನ ಹಾಲಿಗೆ ಬೆರೆಸಿ ತರುತ್ತಾರೆ. ತಣ್ಣಗಿದೆಯಲ್ಲ, ಏನಾಯಿತು ಎಂದು. ಮನೆಯ ಫ್ರಿಜ್ ಇರುವುದು ತಣ್ಣಗಿರುವುದನ್ನು ತಣ್ಣಗೆ ಇಡಲು, ಐದು ಲೀಟರ್ ಬಿಸಿ ಹಾಲನ್ನು ಬೇಗ ಇಳಿಸಲು ಅಲ್ಲ. ಅಲ್ಲಿ ಕಲಕುವವರೂ ಇಲ್ಲ. ಪಾತ್ರೆಯ ನಡುವಿನ ಹಾಲು ಎಷ್ಟೋ ಗಂಟೆ ಬೆಚ್ಚಗೇ ಇರುತ್ತದೆ. ಆ ಹಾಲನ್ನು ಮೊಸರು ಮಾಡಿಕೊಳ್ಳಿ, ಡೇರಿಗೆ ಬೇಡ. ಡೇರಿಗೆ ಹೊರಡುವುದು ತಡವಾಗುವುದಾದರೆ ಸ್ಟೀಲ್ ಕ್ಯಾನನ್ನು ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಇಟ್ಟು ಆಗಾಗ ಅಲುಗಿಸಿ. ಫ್ರಿಜ್ಜಿಗಿಂತ ಅದು ಬೇಗ ಇಳಿಸುತ್ತದೆ, ಏಕೆಂದರೆ ಗಾಳಿಗಿಂತ ನೀರು ಬಿಸಿಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ.

ಮನೆಯ ಫ್ರಿಜ್ಜೇ ತಣ್ಣಗಾಗುತ್ತಿಲ್ಲವಾದರೆ ಇದೇ ಪಾಠ: ಹಿಂದಿನ ಜಾಲರಿಯ ಧೂಳು, ಗೋಡೆಗೆ ಅಂಟಿಸಿ ಇಟ್ಟಿರುವುದು, ಕಡಿಮೆ ವೋಲ್ಟೇಜ್. ಜೊತೆಗೆ ಬಾಗಿಲಿನ ರಬ್ಬರ್. ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸರ್ರನೆ ಬಂದರೆ ರಬ್ಬರ್ ಸಡಿಲವಾಗಿದೆ, ಹೊರಗಿನ ಬಿಸಿ ಒಳಗೆ ಹೋಗುತ್ತಿದೆ.

ಕೊನೆಗೆ ಆ ಅಕ್ಕನ ವಿಷಯ. ಹಾಲು ಒಡೆಯಲು ಅವರ ಹಸು ಕಾರಣವಲ್ಲ ಎಂದು ಆಡಳಿತ ಮಂಡಳಿ ಮುಂದಿನ ಸಭೆಯ ನಡಾವಳಿಯಲ್ಲಿ ಬರೆಸಿತು. ನಾನೂ ಅಲ್ಲಿ ಎದ್ದು ನಿಂತು ನನ್ನ ತಪ್ಪನ್ನು ಹೇಳಿದೆ. ನಾಲ್ಕು ದಿನದ ಹಾಲಿನ ಹಣ ಮಾತ್ರ ಸಿಗಲಿಲ್ಲ, ಹಾಕದ ಹಾಲಿಗೆ ಬಟವಾಡೆ ಕೊಡಲು ಪುಸ್ತಕದಲ್ಲಿ ದಾರಿ ಇಲ್ಲವಂತೆ. ಆ ಹಾಲನ್ನು ಬೆಣ್ಣೆ ತೆಗೆದು ತುಪ್ಪ ಕಾಯಿಸಿ ಮಾರಿದೆ ಎಂದರು, ಅರ್ಧ ದುಡ್ಡು ಬಂತಂತೆ. ಹಸುವಿನ ಹಿಂದಿನ ಎಡ ಮೊಲೆ ವಾಸಿಯಾಗಿದೆ. ಔಷಧಿ ಕೊಟ್ಟ ದಿನಗಳಲ್ಲೂ ಆಮೇಲೆ ಹೇಳಿದಷ್ಟು ದಿನವೂ ಹಾಲನ್ನು ಡೇರಿಗೆ ಹಾಕಬಾರದು ಎಂಬುದನ್ನು ಅವರು ನನಗಿಂತ ಚೆನ್ನಾಗಿ ಪಾಲಿಸಿದರು.

ಈಗ ಆ ಸಂಘದ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದೆ. ಸಂಗ್ರಹ ಮುಗಿದ ಸಮಯ, ಆಗಿನ ಮೇಲಿನ ಮತ್ತು ತಳದ ಉಷ್ಣತೆ, 4 ಡಿಗ್ರಿ ಮುಟ್ಟಿದ ಸಮಯ, ಕರೆಂಟು ಹೋದ ಗಂಟೆಗಳು, ಸಹಿ. ಐದೇ ಕಲಂ. ಸಂಜೆಯ ಪಾಳಿಗೆ ಸದಸ್ಯೆಯರಲ್ಲಿ ಒಬ್ಬೊಬ್ಬರು ವಾರಕ್ಕೊಬ್ಬರಂತೆ ಬರೆಯುತ್ತಾರೆ. ಹೊರಡುವ ಮುನ್ನ ಮುಚ್ಚಳ ತೆಗೆದು ಕೆನೆ ಕಟ್ಟಿದೆಯೇ ಎಂದೂ ನೋಡುತ್ತಾರೆ. ಮೂರೂವರೆ ಗಂಟೆ ದಾಟಿದ ದಿನ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ, ಮತ್ತು "ತಣ್ಣಗಾಗುತ್ತಿಲ್ಲ" ಎಂದಷ್ಟೇ ಹೇಳುವ ಬದಲು ಅವರು ಕಂಡೆನ್ಸರ್ ಗಾಳಿ ಬೆಚ್ಚಗಿದೆಯೇ, ರೆಕ್ಕೆ ತಿರುಗುತ್ತಿದೆಯೇ, ವೋಲ್ಟೇಜ್ ಎಷ್ಟು ಎಂಬುದನ್ನೂ ಹೇಳುತ್ತಾರೆ. ಮೆಕ್ಯಾನಿಕ್ ಸರಿಯಾದ ಬಿಡಿಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ.